ಕೂಡಬಾರದವು ಕೂಡಿದಾಗ: ಭೋಪಾಲದ ಆ ರಾತ್ರಿಯಿಂದ ನಮ್ಮ ತಾಲೂಕುಗಳವರೆಗೆ



ಶಾಲೆಯ ಪ್ರವಾಸದಲ್ಲಿ ವಿಜಯಪುರಕ್ಕೆ ಹೋದಾಗ ನೀವು ಷೇರ್ಜಾ ಬುರುಜು ಹತ್ತಿ ಮಲಿಕ್-ಎ-ಮೈದಾನ್ ತೋಪನ್ನು ಮುಟ್ಟಿ ನೋಡಿರುತ್ತೀರಿ. ಬಿಸಿಲು ಎಷ್ಟೇ ಇರಲಿ, ಅದರ ಮೈ ತಣ್ಣಗೇ ಇರುತ್ತದೆಂದು ಮಕ್ಕಳು ಬೆರಗಾಗುತ್ತಾರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು ಅದು. ಹಾರಿಸುವವನು ಕಿವಿ ಕಾಪಾಡಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಗೈಡುಗಳು ಹೇಳುವ ಕಥೆ ನಿಮಗೆಲ್ಲ ಗೊತ್ತು. ಆದರೆ ನಾನು ನನ್ನ ತರಗತಿಯ ಮಕ್ಕಳಿಗೆ ಕೇಳುವ ಪ್ರಶ್ನೆ ಬೇರೆ. ಈ ತೋಪಿನ ಹೊಟ್ಟೆಯಲ್ಲಿ ಏನು ತುಂಬುತ್ತಿದ್ದರು?

ಮದ್ದು ಎಂದು ಎಲ್ಲರೂ ಹೇಳುತ್ತಾರೆ. ಮದ್ದು ಎಂದರೆ ಏನು? ಪೆಟ್ಲುಪ್ಪು, ಗಂಧಕ, ಇದ್ದಿಲು. ಪೆಟ್ಲುಪ್ಪನ್ನು ಬೊಗಸೆಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ. ಗಂಧಕವನ್ನು ನಮ್ಮ ದ್ರಾಕ್ಷಿ ಬೆಳೆಗಾರರು ಇಂದಿಗೂ ಬಳ್ಳಿಗೆ ಉದುರಿಸುತ್ತಾರೆ. ಇದ್ದಿಲು ಪ್ರತಿ ಮನೆಯ ಒಲೆಯಲ್ಲಿ ಇದ್ದದ್ದೇ. ಮೂರೂ ಬೇರೆ ಬೇರೆ ಇದ್ದಾಗ ಸಾಧು. ಮೂರೂ ಕೂಡಿದಾಗ 1565ರ ಜನವರಿಯಲ್ಲಿ ಒಂದು ಸಾಮ್ರಾಜ್ಯದ ಹಣೆಬರಹ ಬದಲಾಯಿತು. ಆ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳ ತಾಲೂಕಿನ ಊರುಗಳೇ.

ಒಂದು ವಸ್ತು ಅಪಾಯಕಾರಿಯೇ ಅಲ್ಲವೇ ಎಂದು ಕೇಳುವುದು ಅರ್ಧ ಪ್ರಶ್ನೆ. ಅದು ಯಾವುದರ ಜೊತೆ ಕೂಡಿದರೆ ಅಪಾಯ ಎಂದು ಕೇಳಿದಾಗ ಪ್ರಶ್ನೆ ಪೂರ್ತಿಯಾಗುತ್ತದೆ. ಈ ಉತ್ತರ ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಅದನ್ನು ಯಾವ ಭಾಷೆಯಲ್ಲಿ ಬರೆದಿಟ್ಟರು ಎಂಬುದೇ ಈ ಲೇಖನದ ವಿಷಯ. ನಾನು ವಿಜ್ಞಾನದ ಶಿಕ್ಷಕನಲ್ಲ, ಭಾಷೆಯ ಶಿಕ್ಷಕ. ಆದ್ದರಿಂದಲೇ ಇದು ನನ್ನ ಮನಸ್ಸಿಗೆ ಹತ್ತಿದೆ.

ನಮ್ಮ ಹಿರಿಯರಿಗೆ ಈ ಜ್ಞಾನ ಇರಲಿಲ್ಲವೆಂದು ತಿಳಿಯಬೇಡಿ. ಓಣಿ ಓಣಿಗೆ ಬರುತ್ತಿದ್ದ ಕಲಾಯಿಗಾರರನ್ನು ನೆನಪಿಸಿಕೊಳ್ಳಿ. ಕಾದ ತಾಮ್ರದ ಪಾತ್ರೆಗೆ ಒಂದು ಚಿಟಿಕೆ ನವಸಾಗರ ಉದುರಿಸಿ, ತವರ ತಾಕಿಸಿ, ಅರಳೆಯಿಂದ ಉಜ್ಜಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಉರ್ದುವಿನಲ್ಲಿ ನೌಶಾದರ್ ಎನ್ನುವ ಆ ನವಸಾಗರ ಕಾದಾಗ ಒಡೆದು ಎರಡು ಅನಿಲಗಳಾಗುತ್ತದೆ. ಅದರಲ್ಲಿ ಒಂದು ತಾಮ್ರದ ಕಿಲುಬನ್ನು ತಿಂದುಹಾಕುತ್ತದೆ. ಕಲಾಯಿಗಾರನಿಗೆ ಈ ಸಮೀಕರಣ ಗೊತ್ತಿರಲಿಲ್ಲ. ಆದರೆ ಹೊಗೆ ಎದ್ದಾಗ ಮುಖ ಗಾಳಿಯ ಯಾವ ಕಡೆಗೆ ತಿರುಗಿಸಬೇಕು ಎಂಬುದು ಗೊತ್ತಿತ್ತು. ಅದನ್ನು ಮಗನಿಗೂ ಹೇಳಿಕೊಟ್ಟಿದ್ದ. ಬಂಗಾರದ ಕೆಲಸದವರಿಗೂ ಹೀಗೆಯೇ. ಒಂದು ತೇಜಾಬಿನಲ್ಲಿ ಕರಗದ ಬಂಗಾರ, ಇನ್ನೊಂದರಲ್ಲಿಯೂ ಕರಗದ ಬಂಗಾರ, ಎರಡೂ ಕೂಡಿಸಿದಾಗ ಕರಗುತ್ತದೆ. ಆ ಮಿಶ್ರಣವನ್ನು ಮುಚ್ಚಿದ ಕೋಣೆಯಲ್ಲಿ ಮಾಡಬಾರದೆಂದು ಅವರು ಗುರುವಿನಿಂದ ಕಲಿತರು.

ಇಲ್ಲಿ ಒಂದು ಮಾತು. ನಮ್ಮ ಸಂಚಿಕೆಗಳಲ್ಲಿ ಇಂಥ ಕಡೆ ಜಾಬಿರ್ ಇಬ್ನ್ ಹಯ್ಯಾನರು ಎಲ್ಲ ತೇಜಾಬುಗಳನ್ನು ಕಂಡುಹಿಡಿದರು ಎಂದು ಬರೆಯುವುದು ರೂಢಿ. ಆ ಹೆಸರಿನಲ್ಲಿ ಯುರೋಪಿನಲ್ಲಿ ಹರಡಿದ ಕೆಲವು ಲ್ಯಾಟಿನ್ ಗ್ರಂಥಗಳು ಅವರ ಕಾಲಕ್ಕಿಂತ ಶತಮಾನಗಳ ನಂತರದವು ಎಂದು ಇಂದಿನ ಇತಿಹಾಸಕಾರರು ಹೇಳುತ್ತಾರೆ. ನಾವು ಇಲ್ಲದ ಕೀರ್ತಿಗೆ ಕೈಚಾಚಬೇಕಾಗಿಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಅಬೂಬಕರ್ ಅಲ್-ರಾಝಿಯವರು ತಮ್ಮ ಗ್ರಂಥದಲ್ಲಿ ವಸ್ತುಗಳನ್ನು ಪ್ರಾಣಿಜನ್ಯ, ಸಸ್ಯಜನ್ಯ, ಖನಿಜ ಎಂದು ವಿಂಗಡಿಸಿ, ಖನಿಜಗಳನ್ನು ಮತ್ತೆ ಗುಂಪು ಗುಂಪಾಗಿ ಹೆಸರಿಟ್ಟು ಬರೆದರು. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ಹೆಸರು ಬರೆದು ಇಡುವುದು ಸಣ್ಣ ಕೆಲಸವಲ್ಲ. ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಇಂಡಿ, ಬಸವನ ಬಾಗೇವಾಡಿ ಕಡೆಯ ದ್ರಾಕ್ಷಿ, ದಾಳಿಂಬೆ ಬೆಳೆಗಾರರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಬೋರ್ಡೊ ದ್ರಾವಣ ಹೇಗೆ ಮಾಡುತ್ತೀರಿ ಎಂದರೆ ಅವರು ಪಟಪಟನೆ ಹೇಳುತ್ತಾರೆ. ಮೈಲುತುತ್ತ ಒಂದು ಕಡೆ ನೀರಿನಲ್ಲಿ ಕರಗಿಸಬೇಕು, ಸುಣ್ಣ ಇನ್ನೊಂದು ಕಡೆ, ಕಬ್ಬಿಣದ ಪಾತ್ರೆ ಬಳಸಬಾರದು, ಕೂಡಿಸಿದ ಮೇಲೆ ಕುಡಗೋಲಿನ ತುದಿ ಅದ್ದಿ ನೋಡಬೇಕು, ತಾಮ್ರದ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಬೇರೆ ಔಷಧಿಯ ಜೊತೆ ಬೆರೆಸಬಾರದು ಎಂಬುದನ್ನೂ ಸೇರಿಸುತ್ತಾರೆ. ಒಬ್ಬ ಹುಡುಗನಿಗೆ ವಿಜ್ಞಾನದಲ್ಲಿ ಮೂವತ್ತೈದು ಅಂಕ ಬರುವುದೇ ಕಷ್ಟ. ಆದರೂ ಇದನ್ನು ತಪ್ಪಿಲ್ಲದೆ ಹೇಳಿದ. ಅಪ್ಪ ತನ್ನ ಮಾತಿನಲ್ಲಿ ಹೇಳಿಕೊಟ್ಟದ್ದು ಅದು.

ಕಷ್ಟ ಶುರುವಾಗುವುದು ವಸ್ತುಗಳು ಊರಿಗೆ ಪೆಟ್ಟಿಗೆಯಲ್ಲಿ, ಡ್ರಮ್ಮಿನಲ್ಲಿ, ಟ್ಯಾಂಕಿನಲ್ಲಿ ಬರತೊಡಗಿದಾಗ. ಒಳಗೆ ಏನಿದೆ ಎಂಬುದು ಹೊತ್ತವನಿಗೂ ತಿಳಿಯದಾದಾಗ. 1944ರ ಏಪ್ರಿಲ್ 14ರಂದು ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸ್ಫೋಟಿಸಿತು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತಕ್ಕೇ ಸೇರಿತ್ತು. ಯುದ್ಧಕಾಲದ ಆ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಕರಾಚಿಯಲ್ಲಿ ಅದಕ್ಕೆ ಸಾವಿರಾರು ಹತ್ತಿ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಹೇರಲಾಗಿತ್ತು. ಹತ್ತಿಯ ಬೇಲಿಗೆ ಕಿಡಿ ಬಿದ್ದರೆ ಹೊರಗೆ ಕಾಣದಂತೆ ಒಳಗೊಳಗೇ ಉರಿಯುತ್ತದೆ ಎಂಬುದನ್ನು ಜಿನ್ನಿಂಗ್ ಕಾರ್ಖಾನೆ ಕಂಡ ನಮ್ಮವರಿಗೆ ಹೇಳಬೇಕಾಗಿಲ್ಲ. ಸ್ಫೋಟಕದ ಮಗ್ಗುಲಲ್ಲಿ ಹತ್ತಿ ಇಟ್ಟರು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸೇರಿ ನೂರಾರು ಜನ ಸತ್ತರು. ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಅವರ ನೆನಪಿನಲ್ಲಿಯೇ.

ಇನ್ನು ಭೋಪಾಲಕ್ಕೆ ಬರೋಣ.

ಭೋಪಾಲ ನಮ್ಮ ಸಂಘದಂಥ ವಿದ್ಯಾಸಂಸ್ಥೆಗಳಿಗೆ ಅಪರಿಚಿತ ಊರಲ್ಲ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಪತಿ ಭೋಪಾಲದ ಸುಲ್ತಾನ್ ಜಹಾನ್ ಬೇಗಂ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಲೇ ಇರುತ್ತಾರೆ. ಕೆರೆಗಳ, ಮಸೀದಿಗಳ, ಮುಶಾಯಿರಾಗಳ ಆ ಊರಿನಲ್ಲಿ 1969ರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಕೀಟನಾಶಕ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದ ಸೆವಿನ್ ಎಂಬ ಪುಡಿ ಹತ್ತಿ ಮೊದಲಾದ ಬೆಳೆಗಳ ಕೀಟಕ್ಕೆ ಮದ್ದು. ಸೆವಿನ್ ಮಾಡಲು ಬೇಕಾಗಿದ್ದ ಒಂದು ದ್ರವವೇ ಮೀಥೈಲ್ ಐಸೋಸೈನೇಟ್. ಚಿಕ್ಕದಾಗಿ ಎಂಐಸಿ ಎನ್ನುತ್ತಾರೆ. ಮೊದಲು ಹೊರಗಿನಿಂದ ತರಿಸುತ್ತಿದ್ದ ಅದನ್ನು 1980ರ ಹೊತ್ತಿಗೆ ಅಲ್ಲಿಯೇ ತಯಾರಿಸಿ, ನೆಲದಲ್ಲಿ ಹೂತ ದೊಡ್ಡ ಉಕ್ಕಿನ ಟ್ಯಾಂಕುಗಳಲ್ಲಿ ತುಂಬಿಡತೊಡಗಿದರು.

ಎಂಐಸಿಗೆ ನೀರು ಆಗುವುದಿಲ್ಲ. ನೀವು ಸುಣ್ಣದ ಹರಳಿಗೆ ನೀರು ಹಾಕಿ ನೋಡಿದ್ದೀರಿ. ಕೊತಕೊತ ಕುದಿದು, ಹಬೆ ಎದ್ದು, ಪಾತ್ರೆ ಮುಟ್ಟಲಾಗದಷ್ಟು ಕಾಯುತ್ತದೆ. ಎಂಐಸಿಗೆ ನೀರು ಬಿದ್ದಾಗಲೂ ಶಾಖ ಹುಟ್ಟುತ್ತದೆ. ಆದರೆ ಸುಣ್ಣ ಒಂದು ಸಲ ಕುದಿದು ತಣ್ಣಗಾಗುತ್ತದೆ. ಎಂಐಸಿಯ ಕಥೆ ಹಾಗಲ್ಲ. ಹುಟ್ಟಿದ ಶಾಖ ಕ್ರಿಯೆಯನ್ನು ಇನ್ನಷ್ಟು ವೇಗಗೊಳಿಸುತ್ತದೆ, ವೇಗ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಕಬ್ಬಿಣದ ತುಕ್ಕು ಅದರಲ್ಲಿ ಸೇರಿದರೆ ಎಂಐಸಿಯ ಕಣಗಳು ತಮ್ಮತಮ್ಮಲ್ಲೇ ಕೂಡತೊಡಗಿ ಶಾಖ ಮತ್ತೂ ಏರುತ್ತದೆ. ಅದು ಕುದಿಯುವ ಬಿಂದು ಕೇವಲ 39 ಡಿಗ್ರಿ. ನಮ್ಮ ಸಿಂದಗಿಯ ಏಪ್ರಿಲ್ ಬಿಸಿಲಿಗೇ ಕುದಿಯಬಲ್ಲ ದ್ರವ ಅದು. ಆದ್ದರಿಂದ ಅದನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗೆ ಇಡಬೇಕೆಂಬ ನಿಯಮವಿತ್ತು. ಇದೆಲ್ಲ ಕಂಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನೀರು, ತುಕ್ಕು ಸೇರಬಾರದೆಂಬ ಎಚ್ಚರಿಕೆ ಕಂಪನಿಯ ಸ್ವಂತ ಕೈಪಿಡಿಗಳಲ್ಲೇ ಅಚ್ಚಾಗಿತ್ತು.

ಆದರೆ ಆ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು. ಕೆಲಸಗಾರರಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಕೆಲವರೇ. ಸೆವಿನ್ ಮಾರಾಟ ಕುಸಿದು ನಷ್ಟವಾಗತೊಡಗಿದಾಗ ಅನುಭವಿಗಳು ಬಿಟ್ಟುಹೋದರು. ತರಬೇತಿಯ ಅವಧಿ ಮೊಟಕಾಯಿತು. ಎಂಐಸಿ ಘಟಕದ ಪಾಳಿಯಲ್ಲಿ 12 ಇದ್ದ ಆಪರೇಟರುಗಳ ಸಂಖ್ಯೆ 6ಕ್ಕೆ ಇಳಿಯಿತು.

ಇನ್ನೊಂದು ಎಚ್ಚರಿಕೆ ಹಿಂದಿಯಲ್ಲಿತ್ತು. 1981ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಎಂಬ ವಿಷಾನಿಲ ತಗುಲಿ ಒಬ್ಬ ಕಾರ್ಮಿಕ ಸತ್ತ. ಅವನನ್ನು ಬಲ್ಲ ರಾಜಕುಮಾರ್ ಕೇಸ್ವಾನಿ ಎಂಬ ತರುಣ ಪತ್ರಕರ್ತ ತಿಂಗಳುಗಟ್ಟಲೆ ಬೆನ್ನು ಹತ್ತಿ ವಿಷಯ ಸಂಗ್ರಹಿಸಿದರು. 1982ರಲ್ಲಿ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆ ‘ರಪಟ್’ನಲ್ಲಿ ಊರನ್ನು ಉಳಿಸಿರಿ ಎಂದು ಸಾಲು ಸಾಲಾಗಿ ಬರೆದರು. 1984ರಲ್ಲಿ ದೊಡ್ಡ ಪತ್ರಿಕೆಯೊಂದರಲ್ಲೂ ಬರೆದರು. ಅಮೆರಿಕದಿಂದ ಬಂದ ಕಂಪನಿಯ ತಪಾಸಣೆ ತಂಡವೂ 1982ರಲ್ಲಿ ಲೋಪಗಳ ಪಟ್ಟಿ ಮಾಡಿತ್ತು. ಅದೂ ಇಂಗ್ಲಿಷಿನಲ್ಲಿ, ಕಡತದೊಳಗೆ. ಹೀಗೆ ಇಂಗ್ಲಿಷಿನಲ್ಲಿದ್ದ ಎಚ್ಚರಿಕೆ ವಾಲ್ವ್ ತಿರುಗಿಸುವವನ ಕೈಗೆ ಬರಲಿಲ್ಲ. ಹಿಂದಿಯಲ್ಲಿದ್ದ ಎಚ್ಚರಿಕೆಯನ್ನು ಅಧಿಕಾರ ಇದ್ದವರು ಓದಲಿಲ್ಲ, ಓದಿದರೂ ಬೆಲೆ ಕೊಡಲಿಲ್ಲ. ನನಗೆ ಭೋಪಾಲದ ಇತಿಹಾಸದಲ್ಲಿ ಅತ್ಯಂತ ನೋವು ಕೊಡುವ ಭಾಗ ಇದೇ.

1984ರ ಡಿಸೆಂಬರ್ 2, ಭಾನುವಾರ ರಾತ್ರಿ. ಇ-610 ಎಂಬ ಟ್ಯಾಂಕಿನಲ್ಲಿ 40 ಟನ್ನಿಗಿಂತ ಹೆಚ್ಚು ಎಂಐಸಿ ಇತ್ತು. ಅದನ್ನು ತಣ್ಣಗಿಡುವ ಶೀತಲ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲ ಸೋರಿದರೆ ಕಾಸ್ಟಿಕ್ ಸೋಡಾದಲ್ಲಿ ತೊಳೆದು ನಿರ್ವಿಷ ಮಾಡುವ ಗೋಪುರ ಸಿದ್ಧ ಸ್ಥಿತಿಯಲ್ಲಿರಲಿಲ್ಲ. ಉಳಿದದ್ದನ್ನು ಸುಟ್ಟುಹಾಕುವ ಉರಿಗೊಳವೆಗೆ ಹೋಗುವ ಪೈಪು ದುರಸ್ತಿಗೆಂದು ಬಿಚ್ಚಿತ್ತು. ತುರ್ತಿಗೆ ಖಾಲಿ ಇರಬೇಕಾಗಿದ್ದ ಇನ್ನೊಂದು ಟ್ಯಾಂಕಿನಲ್ಲಿಯೂ ಎಂಐಸಿ ಇತ್ತು. ಒಂದು ಬಾಗಿಲಿಗೆ ನಾಲ್ಕು ಬೀಗ ಹಾಕಿ, ನಾಲ್ಕರ ಕೀಲಿಯನ್ನೂ ಬೀಗದಲ್ಲೇ ಬಿಟ್ಟಂತೆ.

ಆ ರಾತ್ರಿ ಟ್ಯಾಂಕಿನೊಳಗೆ ನೀರು ಸೇರಿತು. ಹೇಗೆ? ಇದರ ಬಗ್ಗೆ ಎರಡು ವಾದಗಳಿವೆ, ಎರಡನ್ನೂ ನೀವು ತಿಳಿದಿರಬೇಕು. ಕಾರ್ಮಿಕರು ಹೇಳುವುದು ಹೀಗೆ. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಹತ್ತಿರದ ಪೈಪುಗಳನ್ನು ನೀರು ಬಿಟ್ಟು ತೊಳೆಯುವ ಕೆಲಸ ನಡೆದಿತ್ತು. ತೊಳೆಯುವ ಮುನ್ನ ಪೈಪಿನ ಕೀಲಿನಲ್ಲಿ ಒಂದು ಲೋಹದ ಬಿಲ್ಲೆ ತೂರಿಸಿ ನೀರು ಮುಂದೆ ಹೋಗದಂತೆ ತಡೆಯಬೇಕು. ಆ ಬಿಲ್ಲೆ ಹಾಕಿರಲಿಲ್ಲ. ಸೋರುವ ವಾಲ್ವುಗಳ ಮೂಲಕ ನೀರು ಟ್ಯಾಂಕಿಗೆ ಇಳಿಯಿತು. ಕಂಪನಿಯ ವಾದ ಬೇರೆ. ಅಸಮಾಧಾನಗೊಂಡ ಕೆಲಸಗಾರನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರಿನ ಪೈಪು ಜೋಡಿಸಿದ ಎಂದು ಅದು ಹೇಳುತ್ತ ಬಂದಿತು. ಆದರೆ ಅಂಥ ಯಾವ ಕೆಲಸಗಾರನ ಮೇಲೂ ಯಾವ ನ್ಯಾಯಾಲಯದಲ್ಲೂ ಆರೋಪ ಸಾಬೀತಾಗಲಿಲ್ಲ. ನೀರು ಹೇಗೇ ಬಂದಿರಲಿ, ಬಂದ ನೀರನ್ನು ತಡೆಯುವ, ತಣಿಸುವ, ತೊಳೆಯುವ, ಸುಡುವ ನಾಲ್ಕೂ ಏರ್ಪಾಡುಗಳು ಆ ರಾತ್ರಿ ಕೆಲಸ ಮಾಡಲಿಲ್ಲ ಎಂಬುದರಲ್ಲಿ ವಾದವಿಲ್ಲ.

10.20ಕ್ಕೆ ಟ್ಯಾಂಕಿನ ಒತ್ತಡ ಚದರ ಅಂಗುಲಕ್ಕೆ 2 ಪೌಂಡ್ ಇತ್ತು. 11ಕ್ಕೆ 10 ಪೌಂಡ್. ಪಾಳಿ ಬದಲಾಗಿತ್ತು. ಹೊಸದಾಗಿ ಬಂದವರಿಗೆ ಮೊದಲಿನ ಅಂಕಿ ಗೊತ್ತಿರಲಿಲ್ಲ. ಅಲ್ಲಿನ ಮಾಪಕಗಳು ಕೆಟ್ಟಿರುವುದು ಮಾಮೂಲಿ, ಹಾಗಾಗಿ ನಂಬಲೂ ಇಲ್ಲ. ಹನ್ನೊಂದೂವರೆಗೆ ಕಣ್ಣು ಉರಿಯತೊಡಗಿತು. ಅದೂ ಮಾಮೂಲಿಯೇ. ನಡುರಾತ್ರಿ ದಾಟಿದ ಮೇಲೆ ಟ್ಯಾಂಕಿನ ಮೇಲಿನ ಕಾಂಕ್ರೀಟು ಬಿರಿಯಿತು. ಎತ್ತರದ ಕೊಳವೆಯಿಂದ ಬಿಳಿ ಮೋಡದಂಥ ಅನಿಲ ಹೊರಬಿತ್ತು. ನೀರಿನ ಜೆಟ್ ಹಾರಿಸಿದರು. ಅದು ಕೊಳವೆಯ ತುದಿಯವರೆಗೆ ತಲುಪಲಿಲ್ಲ. ಗಾಳಿಗಿಂತ ಭಾರವಾದ ಆ ಅನಿಲ ನೆಲಕ್ಕೆ ಇಳಿದು, ಚಳಿಗೆ ಬಾಗಿಲು ಮುಚ್ಚಿ ಮಲಗಿದ್ದ ಜೆ.ಪಿ. ನಗರ, ಕಾಜಿ ಕ್ಯಾಂಪ್ ಮೊದಲಾದ ಬಡವರ ಬಸ್ತಿಗಳ ಮೇಲೆ ಹರಿಯಿತು. ಊರಿಗೆ ಕೇಳುವ ಸೈರನ್ನನ್ನು ಸ್ವಲ್ಪ ಹೊತ್ತು ಬಾರಿಸಿ ನಿಲ್ಲಿಸಿಬಿಟ್ಟಿದ್ದರು.

ಜನ ಎದ್ದು ಓಡಿದರು. ಓಡಿದವರ ಉಸಿರಾಟ ಹೆಚ್ಚಾಗಿ ಇನ್ನಷ್ಟು ವಿಷ ಒಳಗೆ ಹೋಯಿತು. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಎಂದು ಆಮೇಲೆ ಹೇಳಿದರು. ಎಂಥ ವಿಚಿತ್ರ ನೋಡಿ. ಟ್ಯಾಂಕಿನಲ್ಲಿ ಶತ್ರುವಾಗಿದ್ದ ನೀರೇ ಮುಖದ ಮೇಲಿನ ಬಟ್ಟೆಯಲ್ಲಿ ರಕ್ಷಣೆಯಾಗಬಹುದಿತ್ತು. ಈ ಒಂದು ವಾಕ್ಯವನ್ನು ಹಿಂದಿಯಲ್ಲೋ ಉರ್ದುವಿನಲ್ಲೋ ಆ ಬಸ್ತಿಗಳ ಗೋಡೆಯ ಮೇಲೆ ಯಾರೂ ಮೊದಲೇ ಬರೆದಿರಲಿಲ್ಲ. ಹಮೀದಿಯಾ ಆಸ್ಪತ್ರೆಯ ವೈದ್ಯರಿಗೂ ತಾವು ಯಾವ ವಿಷಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆಂದು ತಿಳಿದಿರಲಿಲ್ಲ.

ಆ ರಾತ್ರಿ ಭೋಪಾಲ ರೈಲು ನಿಲ್ದಾಣದಲ್ಲಿ ಉಪ ಅಧೀಕ್ಷಕರಾಗಿದ್ದವರ ಹೆಸರು ಗುಲಾಮ್ ದಸ್ತಗೀರ್. ದಸ್ತಗೀರ್ ಎಂಬ ಹೆಸರು ನಮ್ಮ ಕಡೆ ಓಣಿಗೆ ಒಬ್ಬರಿಗಾದರೂ ಇರುತ್ತದೆ, ಆದ್ದರಿಂದ ಮರೆಯಲಾರಿರಿ. ನಿಲ್ದಾಣದಲ್ಲಿ ಮುಂಬೈಗೆ ಹೋಗುವ ಗೋರಖ್‌ಪುರದ ರೈಲು ತುಂಬಿ ನಿಂತಿತ್ತು. ಗಾಳಿಯಲ್ಲಿ ಏನೋ ಇದೆ ಎಂಬುದಷ್ಟೇ ಅವರಿಗೆ ಗೊತ್ತಾದದ್ದು. ಹೊರಡುವ ಸಮಯಕ್ಕೂ ಮೇಲಿನವರ ಅಪ್ಪಣೆಗೂ ಕಾಯದೆ ರೈಲನ್ನು ಕೂಡಲೇ ಬಿಡಿಸಿದರು. ಅಕ್ಕಪಕ್ಕದ ನಿಲ್ದಾಣಗಳಿಗೆ ಸುದ್ದಿ ಮುಟ್ಟಿಸಿ ಸಹಾಯ ಕೇಳಿದರು. ಅನಿಲದಲ್ಲೇ ನಿಂತು ಕೆಲಸ ಮಾಡಿದ ಅವರು ಅದರ ಕಾಯಿಲೆಗಳೊಂದಿಗೆ ಬದುಕಿ 2003ರಲ್ಲಿ ತೀರಿಕೊಂಡರು.

ಸತ್ತವರ ಲೆಕ್ಕ ಇಂದಿಗೂ ಒಂದಾಗಿಲ್ಲ. ಸರ್ಕಾರ ಮೊದಲು ಹೇಳಿದ್ದು 2,259. ಮಧ್ಯಪ್ರದೇಶ ಸರ್ಕಾರ ಆಮೇಲೆ ದೃಢಪಡಿಸಿದ್ದು 3,787. ಸಂತ್ರಸ್ತರ ಸಂಘಟನೆಗಳ ಲೆಕ್ಕ ಇದಕ್ಕಿಂತ ಹಲವು ಪಟ್ಟು. ಗಾಯಗೊಂಡವರು ಐದೂವರೆ ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರವೇ ಪ್ರಮಾಣಪತ್ರದಲ್ಲಿ ಹೇಳಿದೆ. 1989ರಲ್ಲಿ ಕಂಪನಿ 47 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ಏಳು ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಶಿಕ್ಷೆ ವಿಧಿಸಿತು. ಕಂಪನಿಯ ಅಂದಿನ ಅಧ್ಯಕ್ಷ ವಾರೆನ್ ಆಂಡರ್ಸನ್ ಭಾರತದ ನ್ಯಾಯಾಲಯಕ್ಕೆ ಬಾರದೆಯೇ 2014ರಲ್ಲಿ ಅಮೆರಿಕದಲ್ಲಿ ಸತ್ತ. ಹೆಚ್ಚಿನ ಪರಿಹಾರ ಕೋರಿದ ಕೇಂದ್ರದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ತಳ್ಳಿಹಾಕಿತು. ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ಅಂದರೆ ದುರಂತ ನಡೆದು ನಲವತ್ತು ವರ್ಷಗಳ ಮೇಲೆ. ಈ ನಲವತ್ತರಲ್ಲಿ ಮೂವತ್ತೈದು ವರ್ಷ ವಿಧವೆಯರನ್ನು, ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳನ್ನು ಸಂಘಟಿಸಿ ಹೋರಾಡಿದವರು ಅಬ್ದುಲ್ ಜಬ್ಬಾರ್. ಅವರೂ ಅದೇ ಅನಿಲಕ್ಕೆ ಸಿಕ್ಕವರು. 2019ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮಶ್ರೀ ಬಂತು. ನಮ್ಮ ಪಠ್ಯಗಳಲ್ಲಿ ಅವರ ಹೆಸರು ನನಗೆ ಕಂಡಿಲ್ಲ.

ಕಾನೂನುಗಳೂ ಬಂದವು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ತಾವು ಮುಟ್ಟುವ ವಸ್ತುವಿನ ಅಪಾಯ ತಿಳಿಯುವ ಹಕ್ಕನ್ನು ಕೆಲಸಗಾರರಿಗೂ, ಸುತ್ತಲಿನ ಜನರಿಗೂ ಕೊಟ್ಟರು. 1989ರ ನಿಯಮಗಳು ಅಪಾಯಕಾರಿ ರಾಸಾಯನಿಕದ ಡಬ್ಬಿಯ ಮೇಲೆ ವಿವರದ ಚೀಟಿ ಇರಬೇಕೆಂದವು. ಕಾಗದದ ಮೇಲೆ ಇದು ದೊಡ್ಡ ಗೆಲುವೇ. ಆದರೂ 2022ರ ಜನವರಿ 6ರಂದು ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಏನಾಯಿತು ನೋಡಿ. ಒಂದು ಟ್ಯಾಂಕರಿನಿಂದ ರಾಸಾಯನಿಕ ತ್ಯಾಜ್ಯವನ್ನು ಕದ್ದು ನಾಲೆಗೆ ಬಿಟ್ಟರು. ನಾಲೆಯಲ್ಲಿ ಮೊದಲೇ ಇದ್ದದ್ದರ ಜೊತೆ ಅದು ಕೂಡಿ ವಿಷಾನಿಲ ಎದ್ದಿತು. ಪಕ್ಕದ ಬಣ್ಣದ ಮಿಲ್ಲಿನ ಆರು ಜನ ಕೆಲಸಗಾರರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಊರು ಬಿಟ್ಟು ಹೊಟ್ಟೆಪಾಡಿಗೆ ಬಂದ ಜನವೇ ಅಂಥ ಮಿಲ್ಲುಗಳಲ್ಲಿ ತುಂಬಿರುತ್ತಾರೆ.

ಗುಳೆ ಎಂಬ ಮಾತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯಾರಿಗೂ ಹೊಸದಲ್ಲ. ಹತ್ತನೆಯ ತರಗತಿಯಲ್ಲಿ ನನ್ನ ಮುಂದೆ ಕೂತ ಹುಡುಗರು ಮರುವರ್ಷ ಪುಣೆಯಿಂದಲೋ ಗೋವಾದಿಂದಲೋ ಮಂಗಳೂರಿನಿಂದಲೋ ಫೋನ್ ಮಾಡುತ್ತಾರೆ. ಏನು ಕೆಲಸ ಎಂದರೆ ‘ಹೆಲ್ಪರ್ ಸರ್’ ಎನ್ನುತ್ತಾರೆ. ಏನು ಹೆಲ್ಪ್ ಎಂದರೆ ‘ಡ್ರಮ್ ಎತ್ತಿ ಇಡೋದು’. ಡ್ರಮ್ಮಿನಲ್ಲಿ ಏನಿದೆ ಎಂದು ಕೇಳಿದರೆ ಆ ಕಡೆಯಿಂದ ಉತ್ತರ ಬರುವುದಿಲ್ಲ. ಜಿಲ್ಲೆಯಲ್ಲಿಯೇ ಸಕ್ಕರೆ ಕಾರ್ಖಾನೆಗಳಿವೆ, ಕೂಡಗಿಯಲ್ಲಿ ವಿದ್ಯುತ್ ಸ್ಥಾವರ ಬಂದಿದೆ. ಇಂಥ ದೊಡ್ಡ ಕಾರ್ಖಾನೆಗಳಲ್ಲಿ ನೀರು ಶುದ್ಧ ಮಾಡುವುದಕ್ಕೇ ಆ್ಯಸಿಡ್ಡೂ ಬೇಕು, ಕಾಸ್ಟಿಕ್ ಸೋಡಾವೂ ಬೇಕು. ಎರಡೂ ಬೇರೆ ಬೇರೆ ಇರಬೇಕು. ಯಾವುದು ಯಾವುದೆಂದು ಎತ್ತಿಡುವವನು ಓದಬಲ್ಲವನಾಗಿರಬೇಕು.

ಅಷ್ಟು ದೂರ ಹೋಗುವುದೂ ಬೇಡ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ಮುಂಜಾನೆ ಶೌಚಾಲಯ ತೊಳೆಯಲು ಮಕ್ಕಳು ‘ಖಾಲಾ’ ಎಂದು ಕರೆಯುತ್ತಿದ್ದ ನಮ್ಮ ಆಯಾ ಹೋದರು. ಮೊದಲು ಬ್ಲೀಚಿಂಗ್ ಪೌಡರ್ ಉದುರಿಸಿದರು. ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಶೌಚಾಲಯದ ಆ್ಯಸಿಡ್ ಸುರಿದರು. ಎರಡೂ ಅಂಗಡಿಯಲ್ಲಿ ಒಂದೇ ಚೀಲದಲ್ಲಿ ಸಿಕ್ಕ ವಸ್ತುಗಳು, ಎರಡೂ ಸ್ವಚ್ಛ ಮಾಡುವುದಕ್ಕೇ ಇರುವಂಥವು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಖಾಲಾ ಎದೆ ಹಿಡಿದುಕೊಂಡು ಕೆಮ್ಮುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದರು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಬಾಗಿಲ ಹತ್ತಿರ ಹೋದ ನನಗೂ ಉಸಿರು ಕಟ್ಟಿತು. ಅದು ಕ್ಲೋರಿನ್, ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಖಾಲಾ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಶಾಲೆಯಲ್ಲಿ ಎಲ್ಲರೂ ‘ನೋಡಿ ಮಾಡಬಾರದಾ?’ ಎಂದು ಅವರನ್ನೇ ಅಂದರು. ನಾನು ಬಾಟಲಿ ಎತ್ತಿ ನೋಡಿದೆ. ಬೇರೆ ಯಾವುದರ ಜೊತೆಗೂ ಬೆರೆಸಬಾರದು ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ. ಖಾಲಾಗೆ ಉರ್ದು ಓದಲು ಬರುತ್ತಿತ್ತು. ಕುರ್‌ಆನ್ ಪಠಣವೂ ಸೊಗಸಾಗಿತ್ತು. ನಾವು ‘ಅನಕ್ಷರಸ್ಥೆ’ ಎಂದು ಅಂದುಕೊಂಡಿದ್ದೆವು.

ಆ ವಾರ ಒಂಬತ್ತನೆಯ ತರಗತಿಗೆ ನಾನು ಪ್ರಬಂಧ ಬರೆಸಲಿಲ್ಲ. ಮನೆಯಲ್ಲಿ, ಹೊಲದ ಗುಡಿಸಲಿನಲ್ಲಿ, ಅಪ್ಪನ ಗ್ಯಾರೇಜಿನಲ್ಲಿ ಇರುವ ಯಾವುದೇ ಡಬ್ಬಿಯ ಚೀಟಿಯನ್ನು ನೋಡಿ, ಅರ್ಥವಾಗದಿದ್ದರೂ ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡು ಬನ್ನಿ ಎಂದೆ. ನಲವತ್ತು ಚೀಟಿಗಳು ಬಂದವು. ಹೊಲಕ್ಕೆ ಹೊಡೆಯುವ ‘ಎಣ್ಣಿ’ಯ ಬಾಟಲಿಯ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನೂ ಮಕ್ಕಳು ಬಣ್ಣ ಹಚ್ಚಿ ತಂದಿದ್ದರು. ಕೆಂಪು ಎಲ್ಲಕ್ಕಿಂತ ಘೋರ, ಹಸಿರು ಎಲ್ಲಕ್ಕಿಂತ ಕಡಿಮೆ ಎಂಬುದು ಅವರಲ್ಲಿ ಅರ್ಧ ಜನರಿಗೆ ಗೊತ್ತಿರಲಿಲ್ಲ. ಹಸಿರು ಎಂದರೆ ಬೆಳೆಗೆ ಒಳ್ಳೆಯದು ಎಂದು ತಿಳಿದಿದ್ದರು. ವಿಜ್ಞಾನದ ಶಿಕ್ಷಕರನ್ನು ಕೂರಿಸಿಕೊಂಡು ಎಲ್ಲವನ್ನೂ ಕನ್ನಡಕ್ಕೆ, ಉರ್ದುವಿಗೆ ಮಾಡಿದೆವು. ಬ್ಲೀಚಿಂಗ್ ಪೌಡರಿನ ಡಬ್ಬಿಗೆ ಎರಡೂ ಲಿಪಿಗಳಲ್ಲಿ ದಪ್ಪಗೆ ‘ಆ್ಯಸಿಡ್ ಜೊತೆ ಬೇಡ’ ಎಂದು ಬರೆದು ಅಂಟಿಸಿದೆವು. ಖಾಲಾ ಅದನ್ನು ಗಟ್ಟಿಯಾಗಿ ಓದಿ, ‘ಇಷ್ಟೇ ಬರೆದಿದ್ದರೆ ಸಾಕಿತ್ತಲ್ಲ ಮಾಸ್ತರ್’ ಎಂದರು.

ಆ ನಲವತ್ತರಲ್ಲಿ ಒಂದು ಚೀಟಿ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ನೀವು ನೋಡಿದ್ದೀರಿ. ನೀರಿನ ಬರದ ನಮ್ಮ ಊರುಗಳಲ್ಲಿ ಅವಿಲ್ಲದ ಅಂಗಳವಿಲ್ಲ. ಒಬ್ಬ ಹುಡುಗ ತನ್ನ ಮನೆಯ ಡ್ರಮ್ಮಿನ ಮೇಲೆ ಅರ್ಧ ಹರಿದ ಚೀಟಿಯಲ್ಲಿ ಉಳಿದಿದ್ದ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಂಡು ಬಂದಿದ್ದ. ಕೆಳಗೆ ಒಂದು ಚಿತ್ರವನ್ನೂ ಬಿಡಿಸಿದ್ದ. ಎರಡು ಕೊಳವೆಗಳಿಂದ ಹನಿ ಬೀಳುತ್ತಿದೆ, ಒಂದರ ಕೆಳಗೆ ಅಂಗೈ, ಇನ್ನೊಂದರ ಕೆಳಗೆ ಲೋಹದ ಪಟ್ಟಿ, ಎರಡೂ ತೂತಾಗುತ್ತಿವೆ. ‘ಇದು ಕೈ ತೊಳೆಯುವ ಚಿತ್ರ ಇರಬೇಕು ಸರ್’ ಎಂದ. ಅದು ಸುಡುವ ರಾಸಾಯನಿಕದ ಗುರುತು ಎಂದು ಹೇಳಿ ಸಂಜೆ ಅವನ ಜೊತೆ ಮನೆಗೆ ಹೋದೆ. ಅವನ ತಾಯಿ ಡ್ರಮ್ಮಿನ ಮುಚ್ಚಳ ತೆಗೆದು, ಕೊಡದಲ್ಲಿ ನೀರು ಮೊಗೆದು, ನನಗೆ ಕುಡಿಯಲು ಲೋಟದಲ್ಲಿ ತಂದುಕೊಟ್ಟರು.